ಬಂತಾ?

೨೦೨೫ರ ಮಾರ್ಚ್ ೪, ಮಂಗಳವಾರ, ಸಂಜೆ ೬ ಗಂಟೆ ೧೦ ನಿಮಿಷಕ್ಕೆ ಮಗ ಊಟದ ಮೇಜಿನ ಕೆಳಗೆ ನುಸುಳಿ, ಕೇಬಲ್ಲಿನ ತುದಿಯನ್ನು ಕೈಚಾಚಿ ಮೇಜಿನ ಮೇಲಿನ ಲ್ಯಾಪ್‌ಟಾಪಿನ ಇನ್ನೊಂದು ತೂತಿಗೆ ಸಿಕ್ಕಿಸಿ, ಅಲ್ಲಿಂದಲೇ ಕೂಗಿದ.

"ಬಂತಾ?"

"ಇಲ್ಲ," ಎಂದರು ಕತ್ತರಿಯಮ್ಮ.

ಅವರು ಮೇಜಿನ ಪಕ್ಕದ ಕುರ್ಚಿಯಲ್ಲಿ ಫೋಟೋಗೆ ಕೂತವರಂತೆ ನೆಟ್ಟಗೆ ಕೂತಿದ್ದರು. ಹಣೆಯಿಂದ ಮೂಗಿನ ತುದಿಯವರೆಗೆ ವಿಆರ್ ಹೆಡ್‌ಸೆಟ್ ಮುಚ್ಚಿತ್ತು. ಅದು ಆಸ್ಪತ್ರೆಯವರು ಆರು ವಾರಗಳ ಮಟ್ಟಿಗೆ ಕೊಟ್ಟದ್ದು. ಅದರ ಕಪ್ಪು ಕೇಬಲ್ ಸೊಸೆಯ ಲ್ಯಾಪ್‌ಟಾಪಿಗೆ ಹೋಗಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಹೆಡ್‌ಸೆಟ್ಟಿನದೊಂದು ಪುಟ್ಟ ಚಿತ್ರ, ಚಿತ್ರದ ಪಕ್ಕ ಒಂದು ಕೆಂಪು ಚುಕ್ಕೆ. ಆ ಚುಕ್ಕೆ ಹಸಿರಾಗಬೇಕಿತ್ತು.

ಬೀದಿಯ ತಿರುವಿನಲ್ಲಿರುವ ಪಾರ್ಲರಿನಲ್ಲಿ ಇಪ್ಪತ್ತೆರಡು ವರ್ಷ ಕೂದಲು ಕತ್ತರಿಸಿದ್ದರಿಂದ ಅವರಿಗೆ ಕತ್ತರಿಯಮ್ಮ ಎಂದು ಹೆಸರು ಬಿದ್ದಿತ್ತು. ನವೆಂಬರಿನಲ್ಲಿ ತಾರಸಿಯ ಮೇಲೆ ಬಟ್ಟೆ ಹರವುವಾಗ ಜಾರಿ ಬಿದ್ದು, ಬಲತೋಳಿನ ಮೂಳೆ ಭುಜದ ಹತ್ತಿರ ಮುರಿದಿತ್ತು. ಈಗ ಮೂಳೆ ಕೂಡಿಕೊಂಡಿತ್ತು. ಆದರೆ ಭುಜ ಬಿಗಿದುಕೊಂಡಿತ್ತು. ತೋಳು ಸ್ವಲ್ಪ ಮೇಲೇಳುವಷ್ಟರಲ್ಲಿ ನೋವು, ನೋವಿಗಿಂತ ಮುಂಚೆ ಹೆದರಿಕೆ. ಆಸ್ಪತ್ರೆಯ ಫಿಸಿಯೋ ಅಳೆದು ಐವತ್ತೆಂಟು ಡಿಗ್ರಿ ಎಂದು ಬರೆದುಕೊಂಡಿದ್ದ.

"ನಿಂತ್ಕೊಂಡು ಬೇರೆಯವರ ತಲೆಗೂದ್ಲು ಕತ್ತರಿಸ್ಬೇಕು ಅಂದ್ರೆ ತೋಳು ಭುಜದ ಮಟ್ಟಕ್ಕಾದ್ರೂ ಬರ್ಬೇಕಮ್ಮ. ತೊಂಬತ್ತು," ಎಂದಿದ್ದ. ಅದೇ ತೊಂಬತ್ತನ್ನು ಪಾರ್ಲರಿನ ಒಡತಿಯೂ ಕೇಳಿಸಿಕೊಂಡಿದ್ದಳು. ಕತ್ತರಿಯಮ್ಮನ ಕುರ್ಚಿಗೆ ಹೊಸ ಹುಡುಗಿಯೊಬ್ಬಳನ್ನು ತಾತ್ಕಾಲಿಕವಾಗಿ ಹಾಕಿಕೊಂಡು, ಏಪ್ರಿಲ್ ಮಧ್ಯದವರೆಗೆ ಕಾಯುತ್ತೇನೆ ಎಂದು ಹೇಳಿ ಕಳಿಸಿದ್ದಳು.

ಹೆಡ್‌ಸೆಟ್ ಹಾಕಿಕೊಂಡರೆ ಒಂದು ಅಂಗಡಿ ಕಾಣುತ್ತದೆ. ಕೆಳಗಿನ ಹಲಗೆಯ ಬಟ್ಟಲುಗಳನ್ನು ಮೇಲಿನ ಹಲಗೆಗೆ ಜೋಡಿಸಬೇಕು. ಆಟದ ನೆಪದಲ್ಲಿ ತೋಳು ಮೇಲೇಳುತ್ತದೆ. ಆಟ ಇರುವುದು ಲ್ಯಾಪ್‌ಟಾಪಿನಲ್ಲಿ. ಇವೆರಡೂ ಒಂದನ್ನೊಂದು ಮಾತಾಡಿಸಿದರೆ ಮಾತ್ರ ಅಂಗಡಿ ಬಾಗಿಲು ತೆರೆಯುತ್ತದೆ.

"ಏನೋ ಕೇಳ್ತಾ ಇದೆ ಕಣೋ," ಎಂದರು ಕತ್ತರಿಯಮ್ಮ.

"ಏನ್ ಕೇಳಿದ್ರೂ ಬೇಡ ಅನ್ನಮ್ಮ," ಎಂದ ಮೇಜಿನ ಕೆಳಗಿನಿಂದ ಮಗ.

ಆ ಮನೆಯಲ್ಲಿ ಅದು ಹಳೆಯ ಕಾಯಿದೆ. ಹಿಂದಿನ ವರ್ಷ ಅವರು ಫೋನಿನಲ್ಲಿ ಯಾವುದಕ್ಕೋ ಹೂಂ ಎಂದು ಒತ್ತಿ, ಫೋನಿನ ತುಂಬ ಜಾಹೀರಾತು ತುಂಬಿ, ಅದನ್ನು ತೊಳೆಯಲು ಹೋಗಿ ಮನೆಮಂದಿಯ ಫೋಟೋಗಳೆಲ್ಲ ಹೋಗಿದ್ದವು. ಅಂದು ಮಗ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದ: ಯಂತ್ರ ಏನೇ ಕೇಳಲಿ, ಬೇಡ. ಅವರು ಕೈಯಲ್ಲಿದ್ದ ಹೆಡ್‌ಸೆಟ್ಟಿನ ರಿಮೋಟಿನ ಗುಂಡಿ ಒತ್ತಿ ಬೇಡ ಎಂದರು.

"ಈಗ ಬಂತಾ?"

"ಇಲ್ಲ."

ಮಗ ಲಿಫ್ಟ್ ರಿಪೇರಿಯವನು. ಒಬ್ಬ ಕೆಳಗೆ ಲಿಫ್ಟಿನ ಹೊಂಡದಲ್ಲಿ, ಇನ್ನೊಬ್ಬ ಮೇಲೆ ಮೋಟಾರಿನ ಕೋಣೆಯಲ್ಲಿ, ನಡುವೆ ಅಷ್ಟೂ ಮಹಡಿಗಳ ಕತ್ತಲು. ಅಲ್ಲಿ ಉದ್ದ ಮಾತು ಕೂಗಿದರೆ ಗೋಡೆಗೆ ಬಡಿದು ಚೂರಾಗುತ್ತದೆ. ಹಾಗಾಗಿ ಅವರಿಗೆ ಇರುವುದು ಮೂರೇ ಮಾತು: ಬಂತಾ, ಬಂತು, ಇಲ್ಲ. ಆ ಅಭ್ಯಾಸವನ್ನು ಅವನು ಮನೆಗೂ ತಂದಿದ್ದ.

ಅಡುಗೆಮನೆಯಿಂದ ಅವನ ತಂದೆ ಪಾತ್ರೆ ಹಿಡಿದು ಬಂದರು. ರೈಲು ನಿಲ್ದಾಣದ ಕಿಟಕಿಯಲ್ಲಿ ಟಿಕೀಟು ಕೊಟ್ಟು ನಿವೃತ್ತರಾದವರು, ಬೀದಿಗೆಲ್ಲ ಟಿಕೀಟಪ್ಪ. ಹೆಂಡತಿಯ ಕೈ ಮುರಿದಂದಿನಿಂದ ಅಡುಗೆ ಅವರದ್ದು.

"ಈ ಕುದುರೆ ಕಣ್ಕಾಪು ಬಿಚ್ಚಿ ಊಟಕ್ಕೇಳ್ತೀಯೋ, ಇಲ್ಲ ಹಾಗೇ ಹುಲ್ಲು ಹಾಕ್ಲೋ?"

"ನಿಮ್ಮ ಅಡುಗೆಗೆ ಕಣ್ಣು ಮುಚ್ಚಿಕೊಂಡಿರೋದೇ ವಾಸಿ," ಎಂದರು ಕತ್ತರಿಯಮ್ಮ.

ಅಂದು ಆಲೂಗಡ್ಡೆ ಅರ್ಧ ಬೆಂದಿತ್ತು. ಎಲ್ಲರೂ ಸುಮ್ಮನೆ ತಿಂದರು.

ಮೊದಲ ವಾರ ಕೇಬಲ್ಲಿನ ಮೇಲೆ ಅನುಮಾನ. ಮಗ ಅದನ್ನು ಬದಲಿಸಿದ. ಎರಡನೆಯ ವಾರ ವೈಫೈ ಮೇಲೆ. ರೂಟರನ್ನು ಅಲಮಾರಿಯ ಮೇಲಿನಿಂದ ಇಳಿಸಿ ಮೇಜಿನ ಮೇಲೆ, ಉಪ್ಪಿನ ಡಬ್ಬದ ಪಕ್ಕ ಇಟ್ಟ. ಸಹಾಯವಾಣಿಗೆ ಫೋನು ಮಾಡಿದಾಗ ಒಂದು ಹೆಣ್ಣುದನಿ ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಲು ಹೇಳಿತು. ಆರಿಸಿದ, ಹಚ್ಚಿದ. ಬಂತಾ? ಇಲ್ಲ. ಬೇರೆ ಯಾರೂ ಹಾಕಿಕೊಂಡು ನೋಡುವಂತಿರಲಿಲ್ಲ. ಗಾಜುಗಳನ್ನು ಕತ್ತರಿಯಮ್ಮನ ಕನ್ನಡಕದ ಅಳತೆಗೆ ಕೂರಿಸಿದ್ದರು, ಮೇಲಾಗಿ ರೋಗಿಯನ್ನು ಬಿಟ್ಟು ಯಾರೂ ಮುಖಕ್ಕೆ ತಾಗಿಸಬಾರದೆಂದು ಆಸ್ಪತ್ರೆಯ ಕಟ್ಟಪ್ಪಣೆ. ಅವರು ಬಿಚ್ಚಿಟ್ಟ ಮೇಲೆ ಮಗ ಒಳಗೆ ಇಣುಕುತ್ತಿದ್ದ. ಮುಖದಿಂದ ಬಿಡಿಸಿದ ಕೂಡಲೇ ಆ ಯಂತ್ರದ ಪರದೆ ತಾನಾಗಿ ಆರುತ್ತದೆ. ಅವನಿಗೆ ಬರೀ ಕಪ್ಪು ಕಾಣುತ್ತಿತ್ತು.

"ಅದಕ್ಕೊಂದು ಏಟು ಕೊಡೋ," ಎಂದರು ಟಿಕೀಟಪ್ಪ. "ನಮ್ಮ ಟಿಕೀಟು ಮಿಷನ್ನು ಹಾಗೇ ದಾರಿಗೆ ಬರ್ತಿತ್ತು."

"ಒಡೆದ್ರೆ ನಿಮ್ಮ ಪೆನ್ಷನ್ನಲ್ಲಿ ಕಟ್ಟಿಕೊಡ್ತೀರಾ?"

"ಹಾಗಾದ್ರೆ ಮೆಲ್ಲಗೆ ಕೊಡು."

ಹೆಡ್‌ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೂ ಹೋಗಿ ಬಂದಾಯಿತು. ಅಲ್ಲಿ ಫಿಸಿಯೋ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಸಿಕ್ಕಿಸಿದ ಕ್ಷಣವೇ ಅಂಗಡಿ ಕಂಡಿತು, ಹಲಗೆ, ಬಟ್ಟಲು ಎಲ್ಲ. "ಹೆಡ್‌ಸೆಟ್ ಚೆನ್ನಾಗಿದೆ. ನಿಮ್ಮ ಲ್ಯಾಪ್‌ಟಾಪಲ್ಲೇ ಏನೋ ಐಬಿದೆ," ಎಂದ. ಆ ಮಾತನ್ನು ಮಗ ಹಿಡಿದುಕೊಂಡ.

ಸೊಸೆಗೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಬಾವಿ, ಕೊಳವೆ, ಟ್ಯಾಂಕುಗಳಿಂದ ಬಂದ ನೀರಿನಲ್ಲಿ ಏನೇನು ಎಷ್ಟಿದೆ ಎಂದು ಅಳೆದು, ವರದಿಯನ್ನು ಮನೆಗೆ ತಂದು ಅದೇ ಲ್ಯಾಪ್‌ಟಾಪಿನಲ್ಲಿ ಸಿದ್ಧಮಾಡುತ್ತಿದ್ದಳು. ಹೆಡ್‌ಸೆಟ್ ಬಂದ ಮೇಲೆ ಸಂಜೆಗಳು ಅವಳ ಕೈತಪ್ಪಿದ್ದವು. ಬೆಳಿಗ್ಗೆ ಬೇಗ ಎದ್ದು, ಒಗೆಯುವ ಯಂತ್ರದ ಸದ್ದಿನಲ್ಲಿ ಬರೆದು ಮುಗಿಸುತ್ತಿದ್ದಳು. ಶುಕ್ರವಾರ ಅವಳು ಕೆಲಸದಿಂದ ಬಂದಾಗ ಲ್ಯಾಪ್‌ಟಾಪಿನ ಪರದೆ ಹೊಸದಾಗಿ ಕೊಂಡಂತೆ ಖಾಲಿಯಾಗಿತ್ತು.

"ಏನಾಯ್ತು ಇದಕ್ಕೆ?"

"ಎಲ್ಲಾ ಅಳಿಸಿ ಮೊದಲಿಂದ ಹಾಕಿದೀನಿ," ಎಂದ ಗಂಡ. "ನಿನ್ನ ಫೈಲೆಲ್ಲ ಬೇರೆ ಕಡೆ ಇಟ್ಟಿದೀನಿ, ಗಾಬರಿಯಾಗ್ಬೇಡ."

ಅವಳು ಕೈಚೀಲವನ್ನೂ ಇಳಿಸದೆ ನೋಡಿದಳು. ಆ ವಾರದ ವರದಿಗಳು ಮಾತ್ರ ಇರಲಿಲ್ಲ.

"ರೀ, ಡೆಸ್ಕ್‌ಟಾಪ್ ಮೇಲಿದ್ದದ್ದು?"

"ಡೆಸ್ಕ್‌ಟಾಪ್ ಮೇಲೆ ಯಾರಾದ್ರೂ ಇಡ್ತಾರಾ?"

"ನಾನಿಡ್ತೀನಿ. ನನ್ನ ಲ್ಯಾಪ್‌ಟಾಪು, ನಾನೆಲ್ಲಿ ಬೇಕಾದ್ರೂ ಇಡ್ತೀನಿ. ಕೇಳೋಕೆ ನಿಮಗೆ ಬಾಯಿರ್ಲಿಲ್ವಾ?"

"ಅಮ್ಮನ ಕೈಗೋಸ್ಕರ ಮಾಡಿದ್ದು."

"ಅವರ ಕೈಗೆ ನನ್ನ ಕೈ ಯಾಕ್ರೀ ಕತ್ತರಿಸ್ತೀರಾ? ಸೋಮವಾರ ಕೊಡ್ಬೇಕು ಅದನ್ನ. ಆ ಬೀದಿಯೋರು ನೀರು ಕುಡೀಬೇಕೋ ಬೇಡ್ವೋ ಅಂತ ಕಾಯ್ತಾ ಕೂತಿದಾರೆ."

"ಮತ್ತೆ ಟೈಪ್ ಮಾಡ್ಕೊಂಡ್ರಾಯ್ತಪ್ಪ, ಊರೇನು ಮುಳುಗಿ ಹೋಗಲ್ಲ."

"ಮಾಡ್ಕೋತೀನಿ. ನೀವು ಹಾಳ್ಮಾಡಿ, ನಾನು ಮಾಡ್ಕೋತೀನಿ. ಇದೊಂದು ಒಳ್ಳೇ ಕೆಲಸ."

ಟಿಕೀಟಪ್ಪ ಅನ್ನದ ಪಾತ್ರೆ ತಂದು ಮೇಜಿನ ನಡುವೆ ಇಟ್ಟರು. ಯಾರೂ ಬಡಿಸಿಕೊಳ್ಳಲಿಲ್ಲ. ಕತ್ತರಿಯಮ್ಮ ಎಡಗೈಯಿಂದ ಸೌಟು ಹಿಡಿದು ಮೊದಲು ಸೊಸೆಗೆ, ಆಮೇಲೆ ಮಗನಿಗೆ ಬಡಿಸಿದರು. ಅರ್ಧ ಅನ್ನ ಮೇಜಿನ ಮೇಲೆ ಬಿತ್ತು.

"ಸೋಮವಾರ ಅದನ್ನ ವಾಪಸ್ ಕೊಟ್ಬಿಡಿ," ಎಂದರು. "ನನ್ನ ಕೈ ಒಂದು ಮುರಿದದ್ದೇ ಸಾಕು. ನೀವಿಬ್ರೂ ಮುರ್ಕೋಬೇಡಿ."

"ಆಮೇಲೆ ಏನ್ ಮಾಡ್ತೀಯಮ್ಮ?"

"ಕೂತ್ಕೋತೀನಿ. ಎಲ್ರೂ ಕೂರಲ್ವಾ?"

ಅವರು ಕೂರುವವರಲ್ಲ ಎಂದು ಮೂವರಿಗೂ ಗೊತ್ತಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಾಳಿಯಲ್ಲಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸುವುದನ್ನು ಒಬ್ಬೊಬ್ಬರೂ ಒಂದೊಂದು ದಿನ ಕಂಡಿದ್ದರು. ಕಂಡು ಆಚೆ ಸರಿದಿದ್ದರು.

ಭಾನುವಾರ ಬೆಳಿಗ್ಗೆ ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಡುವೆ ಸಿಕ್ಕಿಕೊಂಡು ಮಗನಿಗೆ ಕರೆ ಬಂತು. ಟಿಕೀಟಪ್ಪ ತರಕಾರಿಗೆ ಹೋದರು. ಸೊಸೆ ಮೇಜಿನ ಮುಂದೆ ಕೂತು ಅಳಿಸಿಹೋದ ವರದಿಗಳನ್ನು ಮತ್ತೆ ಬರೆಯುತ್ತಿದ್ದಳು. ಅತ್ತೆ ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದರು. ಎಡಗೈಯಿಂದ ಸುಲಿದ ಕಾಳು ಬಟ್ಟಲಿಗಿಂತ ನೆಲಕ್ಕೇ ಹೆಚ್ಚು ಬೀಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಸೊಸೆ ತನ್ನ ಕೆಲಸವನ್ನು ಉಳಿಸಿ, ಉಳಿಯಿತೇ ಎಂದು ಎರಡು ಸಲ ನೋಡಿಕೊಂಡು, ಕೇಬಲ್ ಎತ್ತಿಕೊಂಡಳು.

"ಕೊಡೋಕೆ ಮುಂಚೆ ಒಂದೇ ಒಂದು ಸಲ ಹಾಕ್ಕೊಳ್ಳಿ ಅತ್ತೆ."

"ಯಾಕೆ ಸುಮ್ಮನೆ? ಮತ್ತೆ ನಿನ್ನ ಫೈಲು ಹೋದಾವು."

"ಹೋಗಲ್ಲ. ಹಾಕ್ಕೊಳ್ಳಿ."

ಪಟ್ಟಿ ಬಿಗಿದು, ಅತ್ತೆಯ ನರೆಗೂದಲನ್ನು ಅದರಡಿಯಿಂದ ಬಿಡಿಸಿ, ಕೇಬಲ್ ಸಿಕ್ಕಿಸಿದಳು. ಪ್ರಯೋಗಾಲಯದಲ್ಲಿ ನೀರು ತಂದವರನ್ನು ಅವಳು ಕೇಳುತ್ತಿದ್ದದ್ದು ಒಂದೇ ರೀತಿ: ಏನು ಕಂಡಿರಿ, ಕಂಡದ್ದನ್ನು ಹೇಳಿ. ಇಲ್ಲಿಯೂ ಹಾಗೇ ಕೇಳಿದಳು.

"ಈಗ ಏನ್ ಕಾಣ್ತಿದೆ ಅತ್ತೆ?"

"ಅದೇ. ಒಂದು ಚೌಕ. ಏನೋ ಬರೆದಿದೆ."

"ಓದಿ."

"'ಈ ಕಂಪ್ಯೂಟರನ್ನು ಒಳಗೆ ಬಿಡಬಹುದೇ?' ಕೆಳಗೆ ಎರಡು ಗುಂಡಿ. ಒಂದು 'ಬಿಡಿ', ಇನ್ನೊಂದು 'ಬೇಡ'."

ಸೊಸೆಯ ಕೈ ನಿಂತಿತು. "ದಿನಾ ಇದು ಬರುತ್ತಾ?"

"ದಿನಾ. ಇದು ಬಂದು ಹೋದ್ಮೇಲೆ ಬರೀ ಬೂದು."

"ನೀವೇನ್ ಒತ್ತುತೀರಿ?"

"ಬೇಡ ಅಂತೀನಿ."

"ದಿನಾ?"

"ಮತ್ತೆ? ಏನ್ ಕೇಳಿದ್ರೂ ಬೇಡ ಅನ್ನು ಅಂತ ನಿನ್ನ ಗಂಡಾನೇ ಮೇಜಿನ ಕೆಳಗಿಂದ ಕೂಗಿದ್ನಲ್ಲ. ಯಾವುದೋ ಕಂಪ್ಯೂಟರು, ನಾನ್ಯಾಕೆ ಒಳಗೆ ಬಿಡ್ಲಿ?"

"ಅದು ಯಾವುದೋ ಅಲ್ಲ ಅತ್ತೆ, ನಂದು."

ಅತ್ತೆ ಹೆಡ್‌ಸೆಟ್ಟಿನೊಳಗಿಂದಲೇ ಅವಳತ್ತ ಮುಖ ತಿರುಗಿಸಿದರು. ಮೊದಲು ನಕ್ಕವಳು ಸೊಸೆ. ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟಳು. ಏಳುವಾಗ ಕಣ್ಣು ಒರೆಸಿಕೊಂಡಳು. ಆ ನೀರು ನಗುವಿನದ್ದಷ್ಟೇ ಆಗಿರಲಿಲ್ಲ.

"ಬಿಡಿ ಅತ್ತೆ."

"ಏನ್ ಬಿಡ್ಲಿ? ಬಿಚ್ಚಿಬಿಡ್ಲಾ?"

"ಅಯ್ಯೋ, ಬಿಚ್ಚಬೇಡಿ! 'ಬಿಡಿ' ಅಂತ ಇದೆಯಲ್ಲ, ಅದನ್ನ ಒತ್ತಿ."

ಕೆಂಪು ಚುಕ್ಕೆ ಹಸಿರಾಯಿತು.

ಮಗ ಮಧ್ಯಾಹ್ನ ಬಂದು ಸುದ್ದಿ ಕೇಳಿ, ಕೈಯ ಎಣ್ಣೆಯನ್ನೂ ತೊಳೆಯದೆ ನಿಂತ.

"ಅಲ್ಲಮ್ಮ, ಬಂತಾ ಅಂತ ದಿನಾ ಕೇಳಿದ್ನಲ್ಲ ನಾನು."

"ಬಂದಿರ್ಲಿಲ್ಲ ಕಣೋ. ಇಲ್ಲ ಅಂದೆ."

"ಕೇಬಲ್ ಚೆನ್ನಾಗೇ ಇತ್ತು ಹಾಗಾದ್ರೆ," ಎಂದು ಹೆಂಡತಿಯ ಕಡೆ ನೋಡಿದ.

"ಕೇಬಲ್ಲೂ ಚೆನ್ನಾಗಿತ್ತು, ಲ್ಯಾಪ್‌ಟಾಪೂ ಚೆನ್ನಾಗಿತ್ತು," ಎಂದಳು ಅವಳು. "ಆಸ್ಪತ್ರೆ ಕಂಪ್ಯೂಟರನ್ನ ಮೊದಲೇ ಒಳಗೆ ಬಿಟ್ಟಿದ್ರು, ಅದಕ್ಕೇ ಅಲ್ಲಿ ಕೇಳ್ಲಿಲ್ಲ."

ಊಟವಾದ ಮೇಲೆ ಅವನು ಪಾತ್ರೆಗಳನ್ನೆಲ್ಲ ತಾನೇ ತೊಳೆದ. ಒಂದೊಂದು ತಟ್ಟೆಯನ್ನೂ ಎರಡೆರಡು ಸಲ ತೊಳೆಯುವುದನ್ನು ಸೊಸೆ ಕಂಡಳು, ಕಂಡೂ ಬೇಡವೆನ್ನಲಿಲ್ಲ.

ಆರು ವಾರಗಳಲ್ಲಿ ಅರ್ಧ ಹೋಗಿತ್ತು. ಉಳಿದರ್ಧದಲ್ಲಿ ಕತ್ತರಿಯಮ್ಮ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಟ್ಟಲು ಜೋಡಿಸಿದರು. ಮೊದಲೆರಡು ದಿನ ಹಲ್ಲು ಕಚ್ಚಿದರು. ಆಮೇಲೆ ಆಟದ ಗೀಳು ಹತ್ತಿತು. ಹಲಗೆ ದಿನದಿನಕ್ಕೆ ಮೇಲಕ್ಕೆ ಸರಿಯುತ್ತಿತ್ತು, ಅವರ ಬಟ್ಟಲೂ ಹಿಂದೆಯೇ ಏರುತ್ತಿತ್ತು.

"ತಲೆ ಮಟ್ಟಕ್ಕೆ ಬಂತು ಕಣ್ರೀ!" ಎಂದು ಗಂಡನನ್ನು ಕೂಗಿದರು.

"ಹಾಗಾದ್ರೆ ಆ ಸಕ್ಕರೆ ಡಬ್ಬ ಇಳಿಸ್ಕೊಡು."

"ಅದು ಇದನ್ನ ಹಾಕ್ಕೊಂಡಾಗ ಬರೋದು. ಬಿಚ್ಚಿದ್ಮೇಲೆ ಇನ್ನೂ ಅಭ್ಯಾಸ ಆಗ್ಬೇಕು."

"ಹಾಗಾದ್ರೆ ಕಣ್ಕಾಪು ಹಾಕ್ಕೊಂಡೇ ಪಾರ್ಲರಿಗೆ ಹೋಗು. ಯಾರ ಕಿವಿ ಯಾರ ಕೈಗೆ ಬರುತ್ತೋ ನೋಡೋಣ."

ಲ್ಯಾಪ್‌ಟಾಪಿನ ಪಕ್ಕ ಕೂತ ಸೊಸೆಗೆ ಎರಡೂ ಕಾಣುತ್ತಿತ್ತು. ಪರದೆಯ ಮೇಲಿನ ಕೈ ತಲೆಯ ಮಟ್ಟದ ಹಲಗೆಗೆ ಬಟ್ಟಲಿಡುತ್ತಿತ್ತು. ಕುರ್ಚಿಯಲ್ಲಿ ಕೂತ ಅತ್ತೆಯ ಕೈ ಎದೆಯ ಹತ್ತಿರವೇ ನಿಲ್ಲುತ್ತಿತ್ತು. ಅವಳು ಮರುದಿನ ಕೆಲಸದ ಜಾಗದಿಂದ ಫಿಸಿಯೋಗೆ ಫೋನು ಮಾಡಿದಳು.

"ಅದನ್ನ ಹಾಗೇ ಮಾಡಿರೋದು ಮೇಡಂ," ಎಂದ ಅವನು. "ನಾಕು ಎತ್ತಿದ್ರೆ ಐದು ತೋರಿಸುತ್ತೆ. ಹೆದರಿಕೆ ಇರೋರಿಗೆ ಧೈರ್ಯ ಬರ್ಲಿ ಅಂತ. ಅವರಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಎತ್ತಲ್ಲ."

ಅಳೆಯದ ಅಂಕಿಯನ್ನು ಒಂದು ದಿನವೂ ಕಾಗದಕ್ಕಿಳಿಸದ ಕೈ ಅವಳದ್ದು. ಆದರೂ ಅತ್ತೆ 'ಮೇಲೆ, ಇನ್ನೂ ಮೇಲೆ' ಎಂದು ಹಿಗ್ಗುವಾಗ ಅವಳು ಹೂಂ ಅತ್ತೆ ಎನ್ನುತ್ತಿದ್ದಳು. ಏಪ್ರಿಲ್ ಮೊದಲ ವಾರ ಅತ್ತೆ ಪಾರ್ಲರಿನ ಒಡತಿಗೆ ಫೋನು ಮಾಡಿ, "ತೊಂಬತ್ತು ದಾಟಿ ಹೋಗಿದೆ ಅಂತ ಕಾಣುತ್ತೆ. ನನ್ನ ಕತ್ತರಿ ಸಾಣೆ ಹಿಡಿಸಿಡು," ಎಂದಾಗ ಮಾತ್ರ ಎದ್ದು ಒಳಗೆ ಹೋಗಿ, ಒಣಗಿದ ಬಟ್ಟೆಗಳನ್ನು ಮಡಚಲು ಕೂತಳು.

ಏಪ್ರಿಲ್ ೧೫ರಂದು ಅತ್ತೆ ಸೊಸೆ ಇಬ್ಬರೇ ಆಸ್ಪತ್ರೆಗೆ ಹೋದರು. ಫಿಸಿಯೋ ಹೆಡ್‌ಸೆಟ್ ವಾಪಸ್ ತೆಗೆದುಕೊಂಡು ಪೆಟ್ಟಿಗೆಗೆ ಹಾಕಿದ. ಕತ್ತರಿಯಮ್ಮನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತೋಳು ಎತ್ತಿಸಿ, ಎರಡು ಪಟ್ಟಿಗಳ ಕೋನಮಾಪಕವನ್ನು ಭುಜಕ್ಕೆ ಹಿಡಿದ. ಓದಿ ಬರೆದುಕೊಂಡ. ಇನ್ನೊಮ್ಮೆ ಎತ್ತಿಸಿದ, ಅದೇ ಬಂತು. ಅವನು ಸಂತೋಷದಿಂದಲೇ ಅಂಕಿ ಹೇಳಿದ.

"ತಪ್ಪಾಗಿ ನೋಡಿದೀರಿ," ಎಂದರು ಕತ್ತರಿಯಮ್ಮ. "ನನ್ನ ಕೈ ತಲೆಗಿಂತ ಮೇಲೆ ಹೋಗುತ್ತೆ. ನಾನೇ ನೋಡಿದೀನಿ."

ಫಿಸಿಯೋ ನಾಲ್ಕು ಐದರ ಲೆಕ್ಕ ಬಿಡಿಸಿ ಹೇಳಿದ. ಅವರು ಪೂರ್ತಿ ಕೇಳಿ, ತೋಳು ಇಳಿಸಿ, ರವಿಕೆಯ ಗುಂಡಿ ಹಾಕಿಕೊಂಡರು. ಹಾಕಿದ್ದು ಬಲಗೈಯಿಂದಲೇ ಎಂಬುದನ್ನು ಅವರೂ ಗಮನಿಸಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಕೇಳಿದರು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಹೇಳ್ಬೇಕಿತ್ತು."

"ಹೇಳಿದ್ರೆ ಎತ್ತುತಿದ್ರಾ?"

ಅವರು ಕಿಟಕಿಯತ್ತ ತಿರುಗಿದರು. "ಇಲ್ಲ," ಎಂದರು. ಆಮೇಲೆ, "ಆದ್ರೂ ಹೇಳ್ಬೇಕಿತ್ತು. ಆ ಫೋನು ಮಾಡೋಕೆ ಮುಂಚೆ ಆದ್ರೂ."

"ಹೂಂ. ಆಗ ಹೇಳ್ಬೇಕಿತ್ತು," ಎಂದಳು ಸೊಸೆ.

ಮನೆಯಲ್ಲಿ ಮಗ ರಜೆ ಹಾಕಿ ಕಾಯುತ್ತಿದ್ದ. ಅಂಕಿ ಕೇಳಿ ಕುರ್ಚಿ ಎಳೆದು ಕೂತ. "ತೊಂಬತ್ತು ಅಂತಾನೇ ಹೇಳಮ್ಮ. ಪಾರ್ಲರಿನವಳೇನು ಅಳತೆಗೋಲು ತಂದು ನೋಡ್ತಾಳಾ? ಇನ್ನೊಂದು ತಿಂಗಳಲ್ಲಿ ನಿಜವಾಗ್ಲೂ ಆಗೇ ಆಗುತ್ತೆ. ನನ್ನಿಂದ ಮೂರು ವಾರ ಹೋಯ್ತಲ್ಲ, ಅದನ್ನ ಸೇರಿಸ್ಕೊಂಡ್ರೆ ತೊಂಬತ್ತೇ."

"ನೀನು ಸುಮ್ನಿರೋ," ಎಂದರು ಟಿಕೀಟಪ್ಪ. ಹೆಂಡತಿಯ ಮುಂದೆ ಚಹಾ ಇಟ್ಟರು. "ಹೋಗು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಚಹಾ ಕುಡಿ. ಇವತ್ತು ಚೆನ್ನಾಗಾಗಿದೆ."

ಚಹಾ ನಿಜಕ್ಕೂ ಚೆನ್ನಾಗಿತ್ತು. ಕುಡಿದು ಅವರು ಒಬ್ಬರೇ ಹೊರಟರು.

ಪಾರ್ಲರಿನಲ್ಲಿ ಹೊಸ ಹುಡುಗಿ ಕತ್ತರಿಯಮ್ಮನ ಕುರ್ಚಿಯ ಹಿಂದೆ ನಿಂತು ಒಬ್ಬಳ ಮುಂಗೂದಲು ಸರಿಮಾಡುತ್ತಿದ್ದಳು. ಮೊಣಕೈ ಸರಾಗವಾಗಿ ಮೇಲೇಳುತ್ತಿತ್ತು, ಎಲ್ಲಿಯೂ ತಡೆಯಿರಲಿಲ್ಲ. ಕಳೆದ ವರ್ಷ ಅವಳು ಕೆಲಸ ಕಲಿಯಲು ಬಂದಾಗ ಕತ್ತರಿ ಹಿಡಿಯುವುದನ್ನು ಕಲಿಸಿದವರು ಕತ್ತರಿಯಮ್ಮನೇ. ಅವಳು ಇವರನ್ನು ಕನ್ನಡಿಯಲ್ಲಿ ಕಂಡು ಕೈ ನಿಲ್ಲಿಸಿದಳು.

"ನಿಲ್ಲಿಸ್ಬೇಡ. ಎಡಗಡೆ ಉದ್ದ ಬಿಟ್ಟಿದೀಯ, ನೋಡು," ಎಂದರು ಇವರು.

ಒಡತಿ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ಬನ್ನಿ ಅಕ್ಕಾ. ಇವತ್ತೇ ಅಲ್ವಾ ಅಳೆದದ್ದು? ನಾನು ಬಾಯಿಬಿಟ್ಟೇ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ತೊಂಬತ್ತು ಆಗಿದ್ರೆ ನಾಳೆಯಿಂದ್ಲೇ ಆ ಕುರ್ಚಿ ನಿಮ್ಮದು, ಇವಳಿಗೆ ನಾನು ಹೇಳ್ಕೋತೀನಿ. ಆಗದಿದ್ರೆ ಇನ್ನು ನಾನು ಕಾಯೋಕಾಗಲ್ಲ. ಇವಳನ್ನೇ ಖಾಯಂ ಮಾಡಿ, ನಿಮಗೆ ಒಳಗೆ ತಲೆ ತೊಳೆಯೋ ಕೆಲಸ ಕೊಡ್ತೀನಿ. ಅಲ್ಲಿ ಕೈ ಮೇಲೆತ್ಬೇಕಾಗಿಲ್ಲ."

ಹೊಸ ಹುಡುಗಿ ಕತ್ತರಿಸುತ್ತಲೇ ಇದ್ದಳು. ಆದರೆ ಕತ್ತರಿಯ ಸದ್ದು ಬರೀ ಗಾಳಿಯದ್ದು ಎಂದು ಕತ್ತರಿಯಮ್ಮನಿಗೆ ಕೇಳಿಯೇ ತಿಳಿಯಿತು.

"ಎಷ್ಟು ಅಂದ್ರು ಅಕ್ಕಾ?"

"ಎಂಬತ್ತಮೂರು ಡಿಗ್ರಿ."